ಶಾನುಭೋಗರ ಪೆಟ್ಟಿಗೆ ಮತ್ತು ಊರ ಕೆರೆ

ಕನ್ನಡದಲ್ಲಿ ‘ಪುಕ್ಕಟೆ’ ಎಂಬ ಮಾತು ಬೇರೆ, ‘ಮುಕ್ತ’ ಎಂಬ ಮಾತು ಬೇರೆ. ಮದುವೆಮನೆಯ ಊಟ ಪುಕ್ಕಟೆ. ಸೆರೆಮನೆಯ ಊಟವೂ ಪುಕ್ಕಟೆಯೇ. ಆದರೆ ಅಲ್ಲಿ ಉಣ್ಣುವವನನ್ನು ಮುಕ್ತನೆಂದು ಯಾರೂ ಕರೆಯುವುದಿಲ್ಲ. ಇಂಗ್ಲಿಷಿನವರಿಗೆ ಈ ಅನುಕೂಲವಿಲ್ಲ. ಅವರ ‘ಫ್ರೀ’ ಎಂಬ ಒಂದೇ ಶಬ್ದ ಎರಡು ಹೊರೆಯನ್ನೂ ಹೊರಬೇಕು. ಕಂಪ್ಯೂಟರಿನ ತಂತ್ರಾಂಶದ ವಿಚಾರದಲ್ಲಿ ಅವರು ನಾಲ್ಕು ದಶಕಗಳಿಂದ ಪಡುತ್ತಿರುವ ಗೊಂದಲಕ್ಕೆ ಈ ಶಬ್ದವೂ ಒಂದು ಕಾರಣ. ನಮಗೆ ಎರಡು ಶಬ್ದಗಳಿದ್ದೂ ನಾವು ಗೊಂದಲ ಮಾಡಿಕೊಂಡಿರುವುದೇ ಸೋಜಿಗ. ಸರ್ಕಾರಿ ಕಚೇರಿಯಲ್ಲಾಗಲಿ, ಕಾರ್ಖಾನೆಯ ಲೆಕ್ಕದ ಕೋಣೆಯಲ್ಲಾಗಲಿ ‘ಮುಕ್ತ ತಂತ್ರಾಂಶ’ ಎಂದೊಡನೆ ಎದುರಿನವರು ಕೇಳುವ ಮೊದಲ ಪ್ರಶ್ನೆ, ‘ಪುಕ್ಕಟೆ ಸಿಗುತ್ತದಲ್ಲವೇ?’ ಎಂದು. ಸಿಗುತ್ತದೆ, ನಿಜ. ಆದರೆ ಆ ಪ್ರಶ್ನೆಯಿಂದ ಹೊರಟ ಮಾತು ಬಹಳ ಸಲ ಬೇರೆ ಊರಿಗೇ ಹೋಗಿ ಸೇರುತ್ತದೆ.

ಈ ವಿಚಾರ ಹುಟ್ಟಿದ್ದು ದುಡ್ಡಿನ ಲೆಕ್ಕದಿಂದ ಅಲ್ಲವೇ ಅಲ್ಲ. ಸುಮಾರು 1980ರ ಹೊತ್ತಿಗೆ ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಮುದ್ರಣಯಂತ್ರವೊಂದು ಬಂತು. ಯಂತ್ರ ಒಳ್ಳೆಯದೇ, ಆದರೆ ಆಗಾಗ ಕಾಗದ ಸಿಕ್ಕಿಕೊಂಡು ನಿಂತುಬಿಡುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ರಿಚರ್ಡ್ ಸ್ಟಾಲ್ಮನ್ ಎಂಬ ತರುಣ, ಯಂತ್ರ ನಿಂತ ಕೂಡಲೇ ಎಲ್ಲರಿಗೂ ಸುದ್ದಿ ತಲುಪುವಂತೆ ಅದರ ತಂತ್ರಾಂಶವನ್ನು ತಿದ್ದಲು ಹೊರಟರು. ಹಳೆಯ ಯಂತ್ರಕ್ಕೆ ಅವರು ಹಾಗೆ ಮಾಡಿಯೂ ಇದ್ದರು. ತಿದ್ದಬೇಕಾದರೆ ತಂತ್ರಾಂಶದ ಮೂಲಪಾಠ ಬೇಕು. ಎಂದರೆ ಮನುಷ್ಯರು ಓದಬಲ್ಲ ರೂಪದಲ್ಲಿ ಅದನ್ನು ಬರೆದ ಪ್ರತಿ ಬೇಕು. ಕಂಪನಿಯವರು ಯಂತ್ರಕ್ಕೆ ಮಾತ್ರ ಅರ್ಥವಾಗುವ ಪ್ರತಿಯನ್ನು ಕೊಟ್ಟಿದ್ದರು. ಮೂಲಪಾಠವಿದ್ದ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರೊಬ್ಬರನ್ನು ಕೇಳಿದಾಗ ಅವರು ಕೊಡಲಾರೆನೆಂದರು. ಯಾರಿಗೂ ತೋರಿಸುವುದಿಲ್ಲವೆಂದು ಅವರು ಮೊದಲೇ ಮಾತು ಕೊಟ್ಟುಬಿಟ್ಟಿದ್ದರು. ನೆರೆಯವನಿಗೆ ಸಹಾಯ ಮಾಡುವುದಿಲ್ಲವೆಂದು ಮಾತು ಕೊಡುವುದು ಸರಿಯೇ ಎಂಬ ಪ್ರಶ್ನೆ ಸ್ಟಾಲ್ಮನ್ನರನ್ನು ಹಿಡಿಯಿತು. 1983ರ ಸೆಪ್ಟೆಂಬರಿನಲ್ಲಿ ಅವರು ‘ಗ್ನೂ’ ಎಂಬ ಹೆಸರಿನಲ್ಲಿ ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಗಳ ಕೆಲಸವನ್ನು ಸಾರಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಬರೆದ ಲಿನಕ್ಸನ್ನು ಹೊರಗಿಟ್ಟ ಮೇಲೆ ಆ ಕಟ್ಟಡಕ್ಕೆ ಅಡಿಪಾಯವೂ ಸಿಕ್ಕಿತು.

ಆಮೇಲೆ ಒಂದು ನಾಮಕರಣ ನಡೆಯಿತು. 1998ರಲ್ಲಿ ಕೆಲವರು ಸೇರಿ, ‘ಫ್ರೀ’ ಎಂದರೆ ವ್ಯಾಪಾರಸ್ಥರು ಬೆದರುತ್ತಾರೆ, ‘ಓಪನ್ ಸೋರ್ಸ್’ ಎನ್ನೋಣ ಎಂದು ತೀರ್ಮಾನಿಸಿದರು. ವಸ್ತು ಹೆಚ್ಚುಕಡಿಮೆ ಅದೇ, ಆದರೆ ವಾದ ಬದಲಾಯಿತು. ಹಳೆಯ ಹೆಸರಿನವರು ‘ಇದು ಸರಿಯಾದದ್ದು’ ಎನ್ನುತ್ತಿದ್ದರು. ಹೊಸ ಹೆಸರಿನವರು ‘ಇದು ಅನುಕೂಲವಾದದ್ದು’ ಎಂದರು. ಅನುಕೂಲದ ವಾದ ಗೆದ್ದಿತು. 2001ರಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು. 2018ರಲ್ಲಿ ಅದೇ ಕಂಪನಿ ಮುಕ್ತ ತಂತ್ರಾಂಶಗಳ ದೊಡ್ಡ ಕಣಜವಾದ ಗಿಟ್‌ಹಬ್ಬನ್ನು 750 ಕೋಟಿ ಡಾಲರಿಗೆ ಕೊಂಡುಕೊಂಡಿತು. 2017ರ ನವೆಂಬರಿನಿಂದ ಈಚೆಗೆ ಜಗತ್ತಿನ ಅತಿ ವೇಗದ ಐನೂರು ಕಂಪ್ಯೂಟರುಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸಿನಲ್ಲೇ ನಡೆಯುತ್ತಿವೆ. ನಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದೂ ಅದೇ. ಹೀಗೆ ಗೆಲುವೇನೋ ಆಯಿತು. ಆದರೆ ‘ಸರಿಯೇ’ ಎಂಬ ಮೊದಲಿನ ಪ್ರಶ್ನೆ ಎಲ್ಲಿ ಹೋಯಿತು? ಉದ್ಯಮಿ ಅದನ್ನು ಬದಿಗಿಟ್ಟರೂ ಇಟ್ಟಾನು. ಸರ್ಕಾರ ಬದಿಗಿಡಬಹುದೇ? ನನ್ನನ್ನು ಕಾಡುತ್ತಿರುವುದು ಈ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ಕಂಪ್ಯೂಟರ್ ಬಾರದಿದ್ದ ಕಾಲಕ್ಕೆ ಹೋಗುವುದು ಒಳ್ಳೆಯದು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಶಾನುಭೋಗರು, ಮುಂಬಯಿ ಕರ್ನಾಟಕದಲ್ಲಿ ಕುಲಕರ್ಣಿಗಳು ಊರಿನ ಭೂಮಿಯ ಲೆಕ್ಕ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ ಮಾಡಿದ ಕರಿಯ ಪುಸ್ತಕಕ್ಕೆ ಕಡತವೆಂದು ಹೆಸರು. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಇವತ್ತು ವಿಧಾನಸೌಧದಲ್ಲಿ ಮೇಜಿನಿಂದ ಮೇಜಿಗೆ ಹೋಗುವ ಫೈಲನ್ನೂ ನಾವು ಕಡತ ಎಂದೇ ಕರೆಯುತ್ತೇವೆ. ಆ ಲೆಕ್ಕದ ಪೆಟ್ಟಿಗೆ ಇರುತ್ತಿದ್ದದ್ದು ಶಾನುಭೋಗರ ಮನೆಯಲ್ಲಿ. ಕುಲಕರ್ಣಿಗಳು ಬರೆಯುತ್ತಿದ್ದ ಮೋಡಿ ಲಿಪಿಯಂತೂ ಊರಿನ ಬಹುಮಂದಿಗೆ ಓದಲು ಬಾರದು. ಗಡಿ ಯಾರದು, ಕಂದಾಯ ಎಷ್ಟು, ಗೇಣಿ ಯಾರ ಹೆಸರಿನಲ್ಲಿದೆ ಎಂಬುದೆಲ್ಲ ಆ ಮನೆಯ ಜಗಲಿಯ ಮೇಲೆ ತೀರ್ಮಾನವಾಗಬೇಕು. ಆ ಶಾನುಭೋಗರಲ್ಲಿ ಎಷ್ಟೋ ಮಂದಿ ಸಜ್ಜನರು. ಬಿಡಿಕಾಸು ಮುಟ್ಟದೆ ಊರನ್ನು ಕಾಪಾಡಿದವರು ಇದ್ದರು. ಆದರೂ 1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನು ಮಾಡಿ, 1963ರಿಂದ ವಂಶಪಾರಂಪರ್ಯದ ಈ ಹುದ್ದೆಗಳನ್ನು ತೆಗೆದುಹಾಕಿದೆವು. ಆಸಾಮಿ ಒಳ್ಳೆಯವನೋ ಕೆಟ್ಟವನೋ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ಊರಿನವರ ಬದುಕಿನ ಲೆಕ್ಕ ಒಬ್ಬರ ಮನೆಯ ಪೆಟ್ಟಿಗೆಯಲ್ಲಿ ಇರಕೂಡದು ಎಂಬ ತತ್ವವನ್ನು ನಾವು ಒಪ್ಪಿಕೊಂಡೆವು.

ಆ ತತ್ವವನ್ನು ಕಂಪ್ಯೂಟರಿನ ಕಾಲಕ್ಕೆ ತಂದುಕೊಳ್ಳುವುದರಲ್ಲಿ ನಾವು ಅರ್ಧ ದಾರಿ ನಡೆದಿದ್ದೇವೆ. ಹೊಸ ಶತಮಾನದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಹದಿನೈದು ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಪಡೆದ ರೈತನ ಮುಖದ ನೆಮ್ಮದಿಯನ್ನು ಕಂಡವರು ಅದನ್ನು ಲಘುವಾಗಿ ಮಾತನಾಡಲಾರರು. ಆ ತಂತ್ರಾಂಶವನ್ನು ಬರೆದದ್ದು ಸರ್ಕಾರದ್ದೇ ಆದ ಎನ್‌ಐಸಿ. ಅಷ್ಟರಮಟ್ಟಿಗೆ ಅದು ಊರಿನ ಪೆಟ್ಟಿಗೆಯೇ. ಆದರೆ ನಮ್ಮ ಎಲ್ಲ ಕಚೇರಿಗಳ ಎಲ್ಲ ಬರಹವೂ ಹಾಗೆ ಇಲ್ಲ. ಎಷ್ಟೋ ಕಡೆ ಲೆಕ್ಕ ನಮ್ಮದು, ಪೆಟ್ಟಿಗೆ ಬೇರೆಯವರದು, ಬೀಗದ ಕೈ ಅವರ ಸೊಂಟದಲ್ಲಿ. ನಾವು ವರ್ಷವರ್ಷ ಬಾಡಿಗೆ ಕಟ್ಟಿ ನಮ್ಮದೇ ಕಡತವನ್ನು ಓದುತ್ತಿದ್ದೇವೆ.

ಬರಹಗಾರರಿಗೂ ಮುದ್ರಕರಿಗೂ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕನ್ನಡದ ಡಿಟಿಪಿ ಬಂದ ಹೊಸದರಲ್ಲಿ ಒಂದೊಂದು ಕಂಪನಿಯ ಅಕ್ಷರಕ್ಕೆ ಒಂದೊಂದು ಗುಟ್ಟಿನ ಸಂಕೇತ. ತೆರೆಯ ಮೇಲೆ ‘ಕ’ ಕಂಡರೂ ಒಳಗೆ ದಾಖಲಾಗುತ್ತಿದ್ದದ್ದು ಯಾವುದೋ ರೋಮನ್ ಅಕ್ಷರ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಇರುವೆ ಸಾಲಿನಂತೆ ಅರ್ಥವಿಲ್ಲದ ಚಿಹ್ನೆಗಳು. ನನ್ನ ಎರಡು ಪುಸ್ತಕಗಳನ್ನು ಅಚ್ಚು ಹಾಕಿದ ಸಣ್ಣ ಮುದ್ರಣಾಲಯದಲ್ಲಿ ಅಂಥ ಒಂದು ತಂತ್ರಾಂಶವಿತ್ತು. ಕಂಪ್ಯೂಟರಿನ ಹಿಂಬದಿಗೆ ಬೆರಳುದ್ದದ ಬೀಗವೊಂದನ್ನು ಸಿಕ್ಕಿಸಿದರೆ ಮಾತ್ರ ಅದು ತೆರೆಯುತ್ತಿತ್ತು. ಅದನ್ನು ಡಾಂಗಲ್ ಎನ್ನುತ್ತಿದ್ದರು. ಒಂದು ದಿನ ಬೀಗ ಕೆಟ್ಟಿತು. ಕಂಪನಿಯವರು ಹಳೆಯದನ್ನು ಈಗ ನೋಡಿಕೊಳ್ಳುವುದಿಲ್ಲ, ಹೊಸ ಆವೃತ್ತಿ ಕೊಳ್ಳಿ ಎಂದರು. ಕೊಂಡದ್ದಾಯಿತು, ಹೊಸದರಲ್ಲಿ ಹಳೆಯ ಪುಟಗಳು ಸರಿಯಾಗಿ ತೆರೆಯಲಿಲ್ಲ. ಹದಿನೈದು ವರ್ಷದ ಪುಸ್ತಕಗಳು ಯಂತ್ರದೊಳಗೆ ಇದ್ದೂ ಇಲ್ಲದಂತಾದವು. ಎರಡನೆಯ ಮುದ್ರಣಕ್ಕೆ ನನ್ನ ಪುಸ್ತಕವನ್ನು ಅಚ್ಚಾದ ಪ್ರತಿ ನೋಡಿ ಮತ್ತೆ ಮೊದಲಿನಿಂದ ಬೆರಳಚ್ಚು ಮಾಡಿಸಿದೆವು. ಪುಸ್ತಕವಾದ್ದರಿಂದ ಅಚ್ಚಾದ ಪ್ರತಿಯಾದರೂ ಇತ್ತು. ಅದು ಒಂದು ತಾಲ್ಲೂಕಿನ ಜನನ ಮರಣದ ದಾಖಲೆಯಾಗಿದ್ದರೆ?

ಇದಕ್ಕೆ ಎದುರಾದ ಒಂದು ಉದಾಹರಣೆಯೂ ಕನ್ನಡದಲ್ಲೇ ಇದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಒಂದು ಕೀಲಿಮಣೆಯ ವಿನ್ಯಾಸ ರೂಪಿಸಿದರು. ಒತ್ತಕ್ಷರ, ಗುಣಿತಾಕ್ಷರಗಳ ಜಂಜಾಟವನ್ನು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೊಳಗೆ ಅಡಗಿಸಿದ ಜಾಣ್ಮೆ ಅದು. ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅವರು ಮಾಡಿದ ‘ಸೇಡಿಯಾಪು’ ತಂತ್ರಾಂಶವನ್ನು ಬೇಕಾದವರು ಬಳಸಲಿ ಎಂದು ಬಿಟ್ಟುಕೊಟ್ಟರು. ಕೀಲಿಮಣೆಯ ವಿನ್ಯಾಸವನ್ನು ಮುಂದೆ ಸರ್ಕಾರವೇ ಶಿಷ್ಟತೆಯಾಗಿ ಅಂಗೀಕರಿಸಿತು. ಈ ವಿನ್ಯಾಸದಲ್ಲಿ ಕನ್ನಡ ಬರೆಯುವವರಲ್ಲಿ ಬಹಳ ಮಂದಿಗೆ ಅದರ ಹಿಂದಿರುವವರ ಹೆಸರು ಗೊತ್ತಿರಲಾರದು. ಅದಕ್ಕೆ ಪ್ರತಿ ಒತ್ತಿಗೂ ಪೈಸೆ ವಸೂಲಿ ಮಾಡುವ ಬೀಗ ಬಿದ್ದಿದ್ದರೆ ನಮ್ಮ ಬರವಣಿಗೆ ಇವತ್ತು ಯಾರ ಮನೆಯ ಜಗಲಿಯ ಮೇಲೆ ಕಾಯುತ್ತಿತ್ತೋ!

ಬೀಗದ ಕೈ ಪರರ ಬಳಿ ಇದ್ದರೆ ಏನಾಗುತ್ತದೆ ಎಂಬುದನ್ನು ಉದ್ಯಮವೂ ಕಂಡಿತು. 2025ರ ಜುಲೈಯಲ್ಲಿ ಯುರೋಪಿನ ಒಕ್ಕೂಟ ಗುಜರಾತಿನ ವಾಡಿನಾರದಲ್ಲಿ ತೈಲ ಸಂಸ್ಕರಿಸುವ ನಯಾರಾ ಕಂಪನಿಯ ಮೇಲೆ ನಿರ್ಬಂಧ ಹೇರಿತು. ಅದರಲ್ಲಿ ರಷ್ಯದ ರೋಸ್ನೆಫ್ಟಿನ ಪಾಲಿದೆ ಎಂಬುದು ಕಾರಣ. ಆ ಬೆನ್ನಿಗೇ ಮೈಕ್ರೋಸಾಫ್ಟ್ ತನ್ನ ಸೇವೆಯನ್ನು ತಡೆಹಿಡಿಯಿತು. ಕಂಪನಿ ಭಾರತದಲ್ಲಿ ನೋಂದಣಿಯಾದದ್ದು, ಬಾಡಿಗೆ ಪೂರ್ತಿ ಕಟ್ಟಿತ್ತು, ಭಾರತದ ಕಾನೂನನ್ನು ಮೀರಿರಲಿಲ್ಲ. ಆದರೂ ತನ್ನದೇ ಪತ್ರವ್ಯವಹಾರ ತನಗೆ ದಕ್ಕದೆ ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಕೆಲವು ದಿನಗಳಲ್ಲಿ ಸೇವೆ ಮರಳಿತು. ಮರಳಿತೆಂಬುದು ಸಮಾಧಾನವೇ, ಆದರೆ ಮರಳಿಸುವ ತೀರ್ಮಾನವೂ ನಮ್ಮ ಕೈಯಲ್ಲಿ ಇರಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ‘ಸ್ವದೇಶಿ ತಂತ್ರಾಂಶ ಬಳಸೋಣ’ ಎಂಬ ಕೂಗು ಏಳುತ್ತದೆ. ಕೇಂದ್ರ ಸರ್ಕಾರದ ನೌಕರರ ಇ-ಮೇಲ್ ಈಗ ಚೆನ್ನೈಯ ಜೋಹೊ ಕಂಪನಿಯ ವ್ಯವಸ್ಥೆಗೆ ಹೋಗಿದೆ. ನಮ್ಮವರೇ ಬೆಳೆಸಿದ ಕಂಪನಿ, ಸಂತೋಷಪಡಬೇಕಾದದ್ದೇ. ಆದರೆ ಸ್ವದೇಶಿಗೂ ಮುಕ್ತಕ್ಕೂ ಇರುವ ಅಂತರವನ್ನು ಮರೆಯಬಾರದು. ಶಾನುಭೋಗರು ಪರದೇಶದಿಂದ ಬಂದವರೇನೂ ಅಲ್ಲವಲ್ಲ! ನಮ್ಮೂರಿನವರೇ, ನಮ್ಮ ಭಾಷೆಯವರೇ, ಹಬ್ಬಕ್ಕೆ ಕರೆದರೆ ಬರುವವರೇ. ಆದರೂ ಪೆಟ್ಟಿಗೆ ಅವರ ಮನೆಯಲ್ಲಿ ಇರಬಾರದೆಂದು ನಾವು ಹೇಳಿದೆವು. ಇನ್ನೊಂದು ಎಚ್ಚರವೂ ಬೇಕು. ತಂತ್ರಾಂಶ ಮುಕ್ತವಾಗಿದ್ದೂ ಅದು ಓಡುವ ಯಂತ್ರ, ಅದರೊಳಗಿನ ಮಾಹಿತಿ ಎರಡೂ ಬೇರೆಯವರ ಅಂಗಳದಲ್ಲಿದ್ದರೆ ಬೀಗ ಇನ್ನೊಂದು ಬಾಗಿಲಿಗೆ ಸರಿದಿದೆ ಎಂದಷ್ಟೇ ಅರ್ಥ.

ಅಧಿಕಾರಿಗಳ ಆಕ್ಷೇಪವನ್ನೂ ಕೇಳಿಸಿಕೊಳ್ಳಬೇಕು. ಅವರು ಹುರುಳಿಲ್ಲದೆ ಮಾತನಾಡುತ್ತಿಲ್ಲ. ‘ಕೆಟ್ಟುಹೋದರೆ ಯಾರ ಕೊರಳಪಟ್ಟಿ ಹಿಡಿಯಲಿ?’ ಎನ್ನುತ್ತಾರೆ. ಕಂಪನಿಯಾದರೆ ಹೆಸರಿದೆ, ವಿಳಾಸವಿದೆ, ಕರಾರುಪತ್ರವಿದೆ. ಆದರೆ ಆ ಕರಾರುಪತ್ರಗಳನ್ನು ಪೂರ್ತಿ ಓದಿದವರಿಗೆ ಗೊತ್ತು, ನಷ್ಟದ ಹೊಣೆಯಿಂದ ಜಾರಿಕೊಳ್ಳುವ ಮಾತೇ ಅವುಗಳಲ್ಲಿ ಹೆಚ್ಚು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶದ ಒಂದು ದೋಷಪೂರ್ಣ ತಿದ್ದುಪಡಿಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಯನ್ನು ಕೈಯಲ್ಲಿ ಬರೆದುಕೊಟ್ಟರು. ಅಂದು ವಿಮಾನ ತಪ್ಪಿಸಿಕೊಂಡವರ ಕೈಗೆ ಯಾವ ಕೊರಳಪಟ್ಟಿ ಸಿಕ್ಕಿತು? ಮುಕ್ತ ತಂತ್ರಾಂಶಕ್ಕೂ ಹಣ ಕೊಟ್ಟು ನಿರ್ವಹಣೆಯ ಕರಾರು ಮಾಡಿಕೊಳ್ಳಬಹುದು. ಒಬ್ಬರು ಸರಿಯಿಲ್ಲದಿದ್ದರೆ ಇನ್ನೊಬ್ಬರಿಗೆ ಕೊಡಬಹುದು, ಏಕೆಂದರೆ ಮೂಲಪಾಠ ನಮ್ಮ ಕೈಯಲ್ಲಿರುತ್ತದೆ.

ಇನ್ನೊಂದು ಆಕ್ಷೇಪ: ‘ಮೂಲಪಾಠವನ್ನು ತೆರೆದಿಟ್ಟರೂ ಓದಬಲ್ಲವರು ಎಷ್ಟು ಮಂದಿ?’ ಕೆಲವೇ ಮಂದಿ. ಮಾಹಿತಿ ಹಕ್ಕಿನ ಕಾನೂನು 2005ರಲ್ಲಿ ಬಂದಾಗಲೂ ಹಳ್ಳಿಯ ಪ್ರತಿಯೊಬ್ಬರೂ ಅರ್ಜಿ ಹಾಕಲಿಲ್ಲ. ಊರಿಗೊಬ್ಬ ಹಟವಾದಿ ಹಾಕಿದ. ಆತ ಹಾಕಿಯಾನು ಎಂಬ ಅಂಜಿಕೆಯಿಂದ ಮಿಕ್ಕವರ ಕೆಲಸವೂ ನೇರವಾಯಿತು. ಎಲ್ಲರೂ ಓದಲೇಬೇಕೆಂದಿಲ್ಲ, ಓದುವ ಹಕ್ಕು ಎಲ್ಲರಿಗೂ ಇದ್ದರೆ ಸಾಕು.

ಇಷ್ಟು ಹೇಳಿದ ಮೇಲೆ ಸರ್ಕಾರ ನಾಳೆಯೇ ಎಲ್ಲ ಕಡೆ ಮುಕ್ತ ತಂತ್ರಾಂಶ ಹಾಕಿಬಿಟ್ಟರೆ ಕಥೆ ಮುಗಿಯಿತು ಎನ್ನಿಸಬಹುದು. ಮುಗಿಯುವುದಿಲ್ಲ. ಅದನ್ನು ತಿಳಿಯಲು ಜರ್ಮನಿಯ ಮ್ಯೂನಿಕ್ ನಗರದ ಕಥೆ ನೋಡಬೇಕು. 2003ರಲ್ಲಿ ಆ ನಗರಸಭೆ ತನ್ನ ಸುಮಾರು 14,000 ಕಂಪ್ಯೂಟರುಗಳನ್ನು ವಿಂಡೋಸಿನಿಂದ ಲಿನಕ್ಸಿಗೆ ಬದಲಿಸಲು ನಿರ್ಧರಿಸಿತು. ಬಾಲ್ಮರ್ ಅವರೇ ರಜೆಯ ನಡುವೆ ಬಂದು ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಕಂಡು ಮನವೊಲಿಸಲು ನೋಡಿದರು. ನಗರಸಭೆ ಜಗ್ಗಲಿಲ್ಲ. ಕೆಲಸ ನಿಧಾನವಾಯಿತು, 2013ರ ಕೊನೆಗೆ ಬದಲಾವಣೆ ಮುಗಿಯಿತು. ಒಂದು ಕೋಟಿ ಯೂರೋಗೂ ಹೆಚ್ಚು ಉಳಿಸಿದೆವೆಂದು ನಗರಾಡಳಿತ ಹೇಳಿತು. ಆದರೆ 2014ರಲ್ಲಿ ಮೇಯರ್ ಬದಲಾದರು. 2017ರ ನವೆಂಬರಿನಲ್ಲಿ ಅದೇ ನಗರಸಭೆ ಮತ್ತೆ ವಿಂಡೋಸಿಗೆ ಮರಳುವ ತೀರ್ಮಾನ ಮಾಡಿತು. ಅದಕ್ಕೆ ಸುಮಾರು 5 ಕೋಟಿ ಯೂರೋ ಖರ್ಚಿನ ಅಂದಾಜು. 2020ರಲ್ಲಿ ಹೊಸ ಮೈತ್ರಿಕೂಟ ಬಂದು, ಆದಷ್ಟು ಕಡೆ ಮುಕ್ತ ತಂತ್ರಾಂಶವನ್ನೇ ಬಳಸೋಣ ಎಂದಿತು.

ಈ ಹಾವು ಏಣಿ ಆಟಕ್ಕೆ ಲಿನಕ್ಸಿನ ದೋಷವೇ ಕಾರಣವೆಂದು ಹೇಳುವವರುಂಟು. ಆದರೆ ನಗರವೇ ತರಿಸಿಕೊಂಡ ಸಲಹಾವರದಿ ಮುಖ್ಯವಾಗಿ ಬೆರಳಿಟ್ಟು ತೋರಿಸಿದ್ದು ಆಡಳಿತದ ಹೆಣಿಗೆಯ ಕಡೆಗೆ. ಇಲಾಖೆ ಇಲಾಖೆಗೂ ಪ್ರತ್ಯೇಕ ಕಂಪ್ಯೂಟರ್ ವಿಭಾಗ, ಪ್ರತ್ಯೇಕ ಪದ್ಧತಿ. ಒಬ್ಬರ ದೂರಿಗೆ ಇನ್ನೊಬ್ಬರು ಹೊಣೆಯಲ್ಲ. ಹೊರಗಿನ ಕಚೇರಿಗಳು ಕಳಿಸುವ ಕಡತಗಳೋ ಬೇರೆ ರೂಪದವು. ಸಾಮಾನ್ಯ ಗುಮಾಸ್ತನ ಪಾಲಿಗೆ ಅದು ಮೇಲಿನಿಂದ ಬಂದ ಮತ್ತೊಂದು ಹುಕುಂ. ಯಾವ ದಿನ ಪುಟ ಸರಿಯಾಗಿ ತೆರೆಯಲಿಲ್ಲವೋ ಆ ದಿನ ಬೈಗಳು ಲಿನಕ್ಸಿಗೆ ಬಿತ್ತು.

ನಮ್ಮ ನೆರೆಯ ಕೇರಳದ ಕಥೆ ಇನ್ನೊಂದು ಬಗೆಯದು. 2001ರಲ್ಲಿ ಅಲ್ಲಿ ಶಾಲೆಗಳಿಗಾಗಿ ‘ಐಟಿ@ಸ್ಕೂಲ್’ ಯೋಜನೆ ಆರಂಭವಾಯಿತು. ಅದೇ ವರ್ಷ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದು ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನವನ್ನು ಉದ್ಘಾಟಿಸಿದರು. ಶಾಲೆಗಳು ಒಂದು ಕಂಪನಿಯ ತಂತ್ರಾಂಶಕ್ಕೆ ಕಟ್ಟುಬೀಳಬಾರದೆಂದು ಅಲ್ಲಿ ದನಿಯೆತ್ತಿದವರಲ್ಲಿ ಮೇಷ್ಟ್ರುಗಳ ಸಂಘವೂ ಇತ್ತು. ಇತರ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟವರೂ ಮೇಷ್ಟ್ರುಗಳೇ. ಮಲಯಾಳದ ಅಕ್ಷರ ಸರಿಯಾಗಿ ಮೂಡದಿದ್ದಾಗ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಸ್ವಯಂಸೇವಕರ ಬಳಗ ಅದನ್ನು ತಿದ್ದಿತು. 2019ರ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಅವರು ತಮ್ಮದೇ ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸಿದರು. ಅಲ್ಲಿಯೂ ಸರ್ಕಾರಗಳು ಬದಲಾದವು. ಎಡರಂಗ ಹೋಯಿತು, ಐಕ್ಯರಂಗ ಬಂತು, ಮತ್ತೆ ಎಡರಂಗ ಬಂತು. ಆದರೆ ಶಾಲೆಯ ಕಂಪ್ಯೂಟರ್ ಹಳೆಯ ದಾರಿಗೆ ಮರಳಲಿಲ್ಲ. ಅದನ್ನು ಹಿಡಿದು ನಿಂತವರು ದಿನವೂ ಬಳಸುವವರಾಗಿದ್ದರು. ಅವರ ಕೈಯಿಂದ ಕಿತ್ತುಕೊಳ್ಳುವುದು ಯಾವ ಮಂತ್ರಿಗೂ ಸುಲಭವಿರಲಿಲ್ಲ.

ಇಲ್ಲಿ ನನಗೆ ಊರ ಕೆರೆ ನೆನಪಾಗುತ್ತದೆ. ಕೆರೆಯ ನೀರಿಗೆ ಬೆಲೆಯಿಲ್ಲ, ಆದರೆ ಅದು ಪುಕ್ಕಟೆಯಲ್ಲ. ಬೇಸಗೆಯಲ್ಲಿ ಮನೆಗೊಂದಾಳು ಹೋಗಿ ಹೂಳೆತ್ತಬೇಕು, ಏರಿಗೆ ಮಣ್ಣು ಹಾಕಬೇಕು, ಕಾಲುವೆಯ ಕಸ ತೆಗೆಯಬೇಕು. ತೂಬು ಎತ್ತುವ ನೀರುಗಂಟಿಗೆ ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ಇಷ್ಟು ಧಾನ್ಯವೆಂದು ಕೊಡಬೇಕು. ಈ ಋಣ ತೀರಿಸುವವರೆಗೆ ಕೆರೆ ಊರಿನದಾಗಿತ್ತು. ‘ಇನ್ನು ಸರ್ಕಾರ ನೋಡಿಕೊಳ್ಳುತ್ತದೆ’ ಎಂದುಕೊಂಡ ಮೇಲೆ ಎಷ್ಟೋ ಕೆರೆಗಳಲ್ಲಿ ಹೂಳು ತುಂಬಿತು, ಜಾಲಿ ಬೆಳೆಯಿತು, ಕೊನೆಗೆ ಸೈಟು ಬಿತ್ತು. ನೀರು ಕುಡಿಯುವವರು ಮಾತ್ರ ಹಾಗೆಯೇ ಇದ್ದರು.

ಮುಕ್ತ ತಂತ್ರಾಂಶದ ಕೆರೆಯಲ್ಲೂ ಹೂಳು ತುಂಬಿದ್ದು 2014ರ ಏಪ್ರಿಲಿನಲ್ಲಿ ಲೋಕಕ್ಕೆ ಕಂಡಿತು. ಬ್ಯಾಂಕು, ಅಂಗಡಿ, ಸರ್ಕಾರಗಳ ಗುಟ್ಟಿನ ಮಾತನ್ನು ಕಾಯುವ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಎರಡು ವರ್ಷದಿಂದ ಒಂದು ದೊಡ್ಡ ಬಿರುಕು ಇತ್ತು; ಅದಕ್ಕೆ ಹಾರ್ಟ್‌ಬ್ಲೀಡ್ ಎಂದು ಹೆಸರಾಯಿತು. ಜಗತ್ತಿನ ವ್ಯಾಪಾರವೆಲ್ಲ ನಂಬಿದ್ದ ಈ ತಂತ್ರಾಂಶಕ್ಕೆ ಪೂರ್ಣಾವಧಿಯ ಕೆಲಸಗಾರ ಇದ್ದದ್ದು ಒಬ್ಬನೇ. ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು 2,000 ಡಾಲರ್. 2024ರ ಮಾರ್ಚಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಎಕ್ಸ್‌ಜೆಡ್ ಎಂಬ ಚಿಕ್ಕ ತಂತ್ರಾಂಶವನ್ನು ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತ ಬಳಲಿದ್ದರು. ಸಹಾಯಕ್ಕೆಂದು ಬಂದ ಅಪರಿಚಿತನೊಬ್ಬ ಎರಡು ವರ್ಷ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟ. ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು. ತಮ್ಮ ಯಂತ್ರ ಒಳಗೆ ಬಿಟ್ಟುಕೊಳ್ಳಲು ಅರ್ಧ ಸೆಕೆಂಡು ತಡಮಾಡುತ್ತಿದೆಯಲ್ಲ ಎಂದು ಕೆದಕಿದ್ದರಿಂದ ಸಿಕ್ಕಿತು. ಅವರು ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟಿನಲ್ಲಿ ಎಂಬುದು ಕಾಲದ ವಿನೋದ. ಮೂಲಪಾಠ ತೆರೆದಿದ್ದರಿಂದ ಅವರು ಕೆದಕಬಲ್ಲವರಾದರು. ಆದರೆ ತೆರೆದಿದ್ದ ಮಾತ್ರಕ್ಕೆ ಕೆರೆ ಕಾಯಲ್ಪಡಲಿಲ್ಲ, ಕಾಯುವವನು ಒಬ್ಬಂಟಿಯಾಗಿದ್ದ.

ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತದೆ ಗಾದೆ. ಇಲ್ಲಿ ಹಲ್ಲು ಹಿಡಿದು ನೋಡಬೇಕು. ನೋಡಲಿ ಎಂದೇ ಬಾಯಿ ತೆರೆದು ಕಟ್ಟಿದ್ದಾರೆ. ನೋಡಿದ ಮೇಲೆ ಮೇವನ್ನೂ ಹಾಕಬೇಕು. ಬರೇ ಹಾಲು ಕರೆದುಕೊಂಡು ಹೋಗುವುದು ಕಾನೂನಿನ ಪ್ರಕಾರ ತಪ್ಪಲ್ಲ. ಪರವಾನಗಿಯಲ್ಲಿ ಹಾಗೆ ಯಾವ ಷರತ್ತೂ ಇಲ್ಲ. ಆದರೆ ಕಾನೂನು ಸುಮ್ಮನಿರುವ ಕಡೆಯಲ್ಲೇ ಧರ್ಮದ ಪ್ರಶ್ನೆ ಏಳುವುದು. ಲಿನಕ್ಸಿನ ಮೇಲೆ ಕೋಟ್ಯಂತರ ರೂಪಾಯಿ ವ್ಯವಹಾರ ಕಟ್ಟಿದ ಉದ್ಯಮಗಳು ನಮ್ಮ ಬೆಂಗಳೂರಿನಲ್ಲೇ ಎಷ್ಟಿಲ್ಲ? ಅವುಗಳಲ್ಲೊಂದಾದ ಜೆರೋಧಾ 2024ರಲ್ಲಿ, ಮುಕ್ತ ತಂತ್ರಾಂಶ ನೋಡಿಕೊಳ್ಳುವವರಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನು ಸ್ಥಾಪಿಸಿತು. ಜರ್ಮನಿಯ ಸರ್ಕಾರ 2022ರಲ್ಲೇ ಇದಕ್ಕಾಗಿ ಒಂದು ನಿಧಿ ತೆರೆದಿದೆ. ಇದು ಸುಗ್ಗಿಯಲ್ಲಿ ನೀರುಗಂಟಿಗೆ ಅಳೆದುಕೊಡುವ ಧಾನ್ಯದ ಜಾತಿಗೆ ಸೇರಿದ್ದು.

ನಮ್ಮ ಕೇಂದ್ರ ಸರ್ಕಾರವೂ 2015ರಲ್ಲಿ ಒಂದು ನೀತಿಯನ್ನು ಪ್ರಕಟಿಸಿತು. ಸರ್ಕಾರಿ ಟೆಂಡರುಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಇರಬೇಕು, ಅದನ್ನು ಕೈಬಿಟ್ಟವರು ಕಾರಣ ಹೇಳಬೇಕು ಎಂದು ಅದರಲ್ಲಿದೆ. ನೀತಿ ಒಳ್ಳೆಯದೇ. ಆದರೆ ಅದು ತೆಗೆದುಕೊಳ್ಳುವ ನೀತಿ. ಕೊಡುವುದಕ್ಕೂ ಅಷ್ಟೇ ಗಟ್ಟಿಯಾದ ಪದ್ಧತಿ ಇನ್ನೂ ನಮ್ಮಲ್ಲಿ ಬೇರೂರಿಲ್ಲ. ಆಧಾರ್ ವ್ಯವಸ್ಥೆಯ ಒಳಗೆ ಮುಕ್ತ ತಂತ್ರಾಂಶಗಳು ತುಂಬಿವೆ, ಆದರೆ ಆಧಾರಿನ ಒಳಗಿನ ಮೂಲಪಾಠವನ್ನು ಪ್ರಜೆ ಓದುವಂತಿಲ್ಲ. ಕೊಡಲು ಬರುವುದೇ ಇಲ್ಲ ಎಂದಲ್ಲ. ಕೋವಿಡ್ ಕಾಲದ ‘ಆರೋಗ್ಯ ಸೇತು’ವಿನ ಮೂಲಪಾಠವನ್ನು, ಟೀಕೆ ಎದ್ದ ಮೇಲೆ, 2020ರ ಮೇ ತಿಂಗಳಲ್ಲಿ ಹೊರಗಿಟ್ಟರು. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ಶುರುವಾದ ‘ಮೋಸಿಪ್’ ಎಂಬ ಗುರುತಿನ ವ್ಯವಸ್ಥೆ ಪೂರ್ತಿ ಮುಕ್ತ. ಫಿಲಿಪ್ಪೀನ್ಸ್, ಮೊರಾಕೊದಂಥ ದೇಶಗಳು ಅದನ್ನು ಎತ್ತಿಕೊಂಡಿವೆ. ನಮ್ಮ ಊರಿನ ಕೆರೆಯಿಂದ ದೂರದ ದೇಶದ ಗದ್ದೆಗೆ ನೀರು ಹರಿದಿದೆ.

ಹಾಗಾದರೆ ಸರ್ಕಾರ ಯಾಕೆ ಮುಕ್ತ ತಂತ್ರಾಂಶವನ್ನು ಹಿಡಿಯಬೇಕು? ದುಡ್ಡು ಉಳಿಯುತ್ತದೆಂದು ಹಿಡಿದರೆ, ನಾಳೆ ಯಾರಾದರೂ ಇನ್ನೂ ಅಗ್ಗದ ಬೀಗ ತಂದಾಗ ಅದನ್ನು ಬಿಡುತ್ತದೆ. ಮೊದಲ ವರ್ಷ ಪುಕ್ಕಟೆ ಕೊಡುವವರು ಯಾವ ಕಾಲಕ್ಕೂ ಇರುತ್ತಾರೆ. ಜನರ ಲೆಕ್ಕ ಜನರ ಕೈಯಲ್ಲಿರಬೇಕು ಎಂಬುದಕ್ಕಾಗಿ ಹಿಡಿದರೆ, ಆ ಲೆಕ್ಕವನ್ನು ಕಾಯುವ ಕೆಲಸವೂ ತನ್ನದೆಂದು ಅದಕ್ಕೆ ತಿಳಿಯುತ್ತದೆ. ಆಗ ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಕೆರೆಗೆ ಎತ್ತಿಡುತ್ತದೆ. ತೆರಿಗೆಯ ಹಣದಲ್ಲಿ ಬರೆಸಿದ್ದನ್ನು ತೆರಿಗೆ ಕಟ್ಟಿದವರ ಮುಂದೆ ತೆರೆದಿಡುತ್ತದೆ. ಗುಮಾಸ್ತನಿಗೆ ಹುಕುಂ ಕಳಿಸುವ ಮೊದಲು ಕೂರಿಸಿಕೊಂಡು ಕಲಿಸುತ್ತದೆ.

ನಮ್ಮ ಜಿಲ್ಲಾ ಕಚೇರಿಗಳಲ್ಲಿ ವಾಹನಕ್ಕೆ ಚಾಲಕನ ಹುದ್ದೆಯಿದೆ, ತೋಟಕ್ಕೆ ಮಾಲಿಯ ಹುದ್ದೆಯಿದೆ. ಕಚೇರಿ ಬಳಸುವ ತಂತ್ರಾಂಶದ ಮೂಲಪಾಠವನ್ನು ಓದಿ, ತಪ್ಪು ಕಂಡರೆ ತಿದ್ದಿ, ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಕಳಿಸುವವನ ಹುದ್ದೆ ಇಲ್ಲ. ಜಿಲ್ಲೆಗೆ ಇಬ್ಬರಂತೆ ಇಟ್ಟರೂ ರಾಜ್ಯಕ್ಕೆ ಅರವತ್ತು ಚಿಲ್ಲರೆ ಮಂದಿ ಸಾಕು. ಪ್ರತಿ ವರ್ಷ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ಹುಡುಗ ಹುಡುಗಿಯರ ನಡುವೆ ಅಷ್ಟು ಮಂದಿ ಸಿಕ್ಕಾರು. ಅವರಿಗೆ ಸಂಬಳ ಕೊಡುವ ಕಡತ ಯಾವ ಮೇಜಿನ ಮೇಲೆ ಏಳಬೇಕು ಎಂಬುದನ್ನು ಮಾತ್ರ ಯಾರಾದರೂ ತೀರ್ಮಾನಿಸಬೇಕಾಗಿದೆ.